ಕ್ಯಾಮೆರಾ ಹೊತ್ತು ತಲೆ ಬಾಗಿದ್ದು

ಸಿನಿಮಾ, ವಿಡಿಯೊ ತೆಗೆಯುವುದನ್ನು ಕಲಿಯಲೆಂದು ನಾನು ಬೆಟ್ಟ ಇಳಿದು ಕೊಯಮತ್ತೂರಿನ ಕಾಲೇಜು ಸೇರಿದಾಗ, ಅಲ್ಲಿ ನನಗೆ ಸಿಕ್ಕಿದ ಮೊದಲ ಬಿರುದು ‘ನೆಲ ತೆಗೆಯುವವಳು’. ಬಿರುದು ಕೊಟ್ಟವರ ಮೇಲೆ ಇವತ್ತು ಸಿಟ್ಟಿಲ್ಲ. ಅವತ್ತು ಇತ್ತು. ಸುಳ್ಳು ಯಾಕೆ ಹೇಳಲಿ, ಹಾಸ್ಟೆಲಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ. ಆದರೆ ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ತೆಗೆದದ್ದು ನೆಲವನ್ನೇ.

ಎರಡನೆಯ ವರ್ಷದ ಕೊನೆಗೆ ನಮ್ಮನ್ನು ಗುಂಪುಗಳಾಗಿ ಒಡೆಯುತ್ತಿದ್ದರು. ಕೆಲವರಿಗೆ ಕ್ಯಾಮೆರಾ, ಕೆಲವರಿಗೆ ಧ್ವನಿ, ಉಳಿದವರಿಗೆ ಎಡಿಟಿಂಗ್. ಕಾಲೇಜಿನಲ್ಲಿ ಒಳ್ಳೆಯ ಕ್ಯಾಮೆರಾ ಇದ್ದದ್ದೇ ಎರಡು, ಹಾಗಾಗಿ ಕ್ಯಾಮೆರಾ ಗುಂಪಿಗೆ ಆರೇ ಜನ. ಒಮ್ಮೆ ಬೇರೆ ಗುಂಪಿಗೆ ಬಿದ್ದವರು ಮತ್ತೆ ಈ ಕಡೆ ಬರುವಂತಿಲ್ಲ. ನನಗೆ ಬೇಕಿದ್ದದ್ದು ಕ್ಯಾಮೆರಾ ಒಂದೇ. ಎಡಿಟಿಂಗ್ ಕೆಟ್ಟದ್ದು ಅಂತಲ್ಲ. ಕತ್ತಲೆ ಕೋಣೆಯಲ್ಲಿ ಕೂತು, ಬೇರೆಯವರು ನೋಡಿದ್ದನ್ನು ಕತ್ತರಿಸಿ ಜೋಡಿಸುವ ತಾಳ್ಮೆ ನನ್ನ ಜಾಯಮಾನದಲ್ಲೇ ಇಲ್ಲ. ಮೊದಲು ನಾನು ನೋಡಬೇಕು. ಚಿಕ್ಕವಳಿದ್ದಾಗಿನಿಂದಲೂ ಹಾಗೆಯೇ, ಯಾರ ಮನೆಗೆ ಯಾರು ಬಂದರೂ ಮೊದಲು ಬಾಗಿಲಲ್ಲಿ ನಿಂತಿರುತ್ತಿದ್ದವಳು ನಾನು.

ಗುಂಪು ಒಡೆಯುವುದಕ್ಕೆ ಒಂದು ಪರೀಕ್ಷೆ. ಹೆಗಲ ಮೇಲೆ ಕ್ಯಾಮೆರಾ ಹೊತ್ತು, ಎಲ್ಲೂ ನಿಲ್ಲಿಸದೆ ಎರಡು ನಿಮಿಷದ ಒಂದೇ ಶಾಟ್ ತೆಗೆಯಬೇಕು. ಅದರಲ್ಲಿ ಒಬ್ಬರು ಫ್ರೇಮಿನೊಳಗೆ ಬಂದು ಏನಾದರೂ ಮಾಡಿ ಹೊರಗೆ ಹೋಗಬೇಕು. ಟ್ರೈಪಾಡ್ ಮುಟ್ಟುವಂತಿಲ್ಲ. ಫ್ರೇಮ್ ಓರೆಯಾಗಬಾರದು, ಕುಸಿಯಬಾರದು. ನಾನು ಊರಿಗೆ ಹೋಗಿ ನಮ್ಮ ಟೀ ತೋಟದಲ್ಲಿ ಹೆತ್ತೆ, ಅಂದರೆ ನನ್ನ ಅಜ್ಜಿ, ಎಲೆ ಕೊಯ್ಯುವುದನ್ನು ತೆಗೆದುಕೊಂಡು ಬಂದೆ. ಒಂದಲ್ಲ, ಒಂಬತ್ತು ಸಲ ತೆಗೆದಿದ್ದೆ. ತರಗತಿಯ ಪರದೆಯ ಮೇಲೆ ಒಂದಾದ ಮೇಲೊಂದು ಓಡಿಸಿದರು. ಒಂಬತ್ತರಲ್ಲೂ ಅದೇ ಕಥೆ. ಹೆತ್ತೆ ಎಲೆ ಕೊಯ್ಯುತ್ತಿರುತ್ತಾಳೆ, ಬಿಳಿ ಬಟ್ಟೆಯ ಯಾರೋ ದಾರಿಯಲ್ಲಿ ಬರುತ್ತಾರೆ, ಇದ್ದಕ್ಕಿದ್ದಂತೆ ಫ್ರೇಮ್ ಮುಗ್ಗರಿಸಿ ನೆಲ ಕಾಣುತ್ತದೆ, ಒಂದು ಜೊತೆ ರಬ್ಬರ್ ಚಪ್ಪಲಿ ಕಾಣುತ್ತದೆ, ಮೇಲಿನಿಂದ ಸುಕ್ಕುಗಟ್ಟಿದ ಒಂದು ಅಂಗೈ ಬಂದು ಅರ್ಧ ಪರದೆ ಮುಚ್ಚುತ್ತದೆ. ತರಗತಿಯವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಾಲ್ಕನೆಯ ಶಾಟ್ ಹೊತ್ತಿಗೆ ಚಪ್ಪಲಿ ಬರುವ ಮೊದಲೇ ಅವರು ಲೆಕ್ಕ ಹಾಕಿ ಚಪ್ಪಾಳೆ ತಟ್ಟಲು ಶುರು ಮಾಡಿದ್ದರು.

ಬಯಲು ಸೀಮೆಯ ಆ ಮಕ್ಕಳಿಗೆ ಹೇಗೆ ಹೇಳುವುದು? ನಾವು ಬಡಗರು. ಊಟಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಹಟ್ಟಿ ನಮ್ಮದು. ನಮ್ಮಲ್ಲಿ ಹಿರಿಯರು ಎದುರಾದರೆ ಕೈ ಮುಗಿದು ಮುಂದೆ ಹೋಗುವುದಿಲ್ಲ. ತಲೆ ಬಾಗಿಸಿ ಅವರ ಮುಂದೆ ನೀಡುತ್ತೇವೆ. ಅವರು ನೆತ್ತಿಯ ಮೇಲೆ ಬಲಗೈ ಇಟ್ಟು, ಬದುಕು, ಒಂದು ಸಾವಿರ ಆಗಲಿ ಎಂದು ಹರಸುತ್ತಾರೆ. ಹರಸಿ ಕೈ ತೆಗೆಯುವವರೆಗೆ ತಲೆ ಎತ್ತುವಂತಿಲ್ಲ. ಇದನ್ನು ಯಾರೂ ಕಲಿಸುವುದಿಲ್ಲ. ನಡೆಯಲು ಬರುವ ಮೊದಲೇ, ಅವ್ವೆಯ ಸೊಂಟದ ಮೇಲೆ ಕೂತೇ ನಾವು ತಲೆ ನೀಡಿರುತ್ತೇವೆ. ಅಂಥವಳ ಹೆಗಲ ಮೇಲೆ ಕ್ಯಾಮೆರಾ ಇಟ್ಟರೆ ಏನಾಗುತ್ತದೆ? ಹಿರಿಯರು ಬಂದರು, ಕತ್ತು ಬಾಗಿತು, ಕತ್ತಿನ ಜೊತೆ ಕ್ಯಾಮೆರಾವೂ ಬಾಗಿತು. ತೆಗೆಯುವಾಗ ನನಗೆ ಅದು ಗೊತ್ತೇ ಆಗಿರಲಿಲ್ಲ ಅನ್ನುವುದು ಇನ್ನೂ ದೊಡ್ಡ ಅವಮಾನ.

ಕ್ಯಾಮೆರಾ ಕಲಿಸುತ್ತಿದ್ದ ಮೇಡಂ ಮಾತ್ರ ನಗಲಿಲ್ಲ. ಅವರು ಯಾವುದಕ್ಕೂ ನಗುತ್ತಿರಲಿಲ್ಲ, ಅದು ಬೇರೆ ವಿಷಯ. ಆ ಕೈ ಯಾರದ್ದು ಎಂದು ಕೇಳಿದರು. ನಮ್ಮೂರಿನ ಹಿರಿಯರದ್ದು ಅಂದೆ. ಒಂಬತ್ತೂ ಬೇರೆ ಬೇರೆ ಹಿರಿಯರಾ ಎಂದು ಕೇಳಿದರು. ಹೌದು ಅಂದೆ. ಸಂಗತಿಯನ್ನು ತಡವರಿಸುತ್ತ ಹೇಳಿ ಮುಗಿಸಿದ ಮೇಲೆ ಅವರು ತಮಿಳಿನಲ್ಲಿ ನಿಧಾನವಾಗಿ ಹೇಳಿದ್ದು ನನಗೆ ಇವತ್ತಿಗೂ ಹಾಗೆಯೇ ನೆನಪಿದೆ: “ಮರ್ಯಾದೆ ಮನಸ್ಸಿನಲ್ಲಿರಲಿ. ಹೆಗಲ ಮೇಲೆ ಕ್ಯಾಮೆರಾ ಇರುವಷ್ಟು ಹೊತ್ತು ಕತ್ತು ಕ್ಯಾಮೆರಾದ್ದು.” ಮೂರು ವಾರ ಬಿಟ್ಟು ಇನ್ನೊಂದು ಅವಕಾಶ ಕೊಡುತ್ತೇನೆ, ಆಗಲೂ ಫ್ರೇಮ್ ಬಿದ್ದರೆ ಎಡಿಟಿಂಗ್ ಗುಂಪಿಗೆ ಹೆಸರು ಬರೆಯುತ್ತೇನೆ ಅಂದರು. ಆ ಎರಡನೆಯ ಅವಕಾಶ ಬೇರೆ ಯಾರಿಗೂ ಕೊಟ್ಟಿರಲಿಲ್ಲ. ಅದು ಉಪಕಾರ ಎಂದು ಅರ್ಥವಾಗಲು ನನಗೆ ವರ್ಷಗಳು ಹಿಡಿದವು. ಅವತ್ತು ಬರೀ ಶಿಕ್ಷೆಯ ಹಾಗೆ ಕೇಳಿಸಿತ್ತು.

ಆ ಮೂರು ವಾರ ನಾನು ಕತ್ತನ್ನು ಪಳಗಿಸಿದೆ. ಹಾಸ್ಟೆಲಿನಲ್ಲಿ ಹೆಗಲ ಮೇಲೆ ದಪ್ಪ ಪುಸ್ತಕಗಳ ಕಟ್ಟು ಇಟ್ಟುಕೊಂಡು ಓಡಾಡಿದೆ. ವಾರದ ಕೊನೆಗೆ ಊರಿಗೆ ಹೋದಾಗ ಅವ್ವೆಗೆ ಹೆತ್ತೆಯ ಬಿಳಿ ಹೊದಿಕೆ ಹೊದಿಸಿ, ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದು ಬಾ ಅಂದೆ. ಅವ್ವೆ ಗಂಭೀರವಾಗಿ ನಡೆದು ಬಂದಳು. ನನ್ನ ತಲೆ ಬಾಗಿತು. ನಿನಗೆ ಹುಚ್ಚಾ, ನೀನು ದಿನಾ ನೋಡುವ ಅವ್ವೆಯಲ್ಲವಾ ನಾನು ಎಂದು ಬೈದಳು. ನಾನೇನು ಮಾಡಲಿ, ಬಿಳಿ ಹೊದಿಕೆ ಕಂಡರೆ ಸಾಕು, ಕತ್ತು ನನ್ನ ಮಾತು ಕೇಳುತ್ತಿರಲಿಲ್ಲ. ಹತ್ತು ಸಲ, ಇಪ್ಪತ್ತು ಸಲ ನಡೆಸಿದೆ. ಒಲೆಯ ಮೇಲೆ ಅನ್ನ ಸೀದುಹೋಯಿತು. ಕಡೆಗೆ ಕತ್ತು ಸೋತಿತು, ನಾನು ಗೆದ್ದೆ.

ಮೇಡಂ ಕೊಟ್ಟಿದ್ದ ಎರಡನೆಯ ಅವಕಾಶ ಸೋಮವಾರ ಇತ್ತು. ಶನಿವಾರ ಬೆಳಿಗ್ಗೆ ತೋಟಕ್ಕೆ ಇಳಿದೆವು. ನಮ್ಮ ತೋಟದ ನಡುವೆಯೇ ಹಟ್ಟಿಯ ಕಾಲುದಾರಿ ಹೋಗುತ್ತದೆ. ಹಿರಿಯರು ಯಾರೂ ಆ ಕಡೆ ಬಾರದಂತೆ ನೋಡಿಕೊಳ್ಳಲು ಅವ್ವೆಯನ್ನು ದಾರಿಯ ಮೇಲ್ತುದಿಯಲ್ಲಿ ನಿಲ್ಲಿಸಿದ್ದೆ. ಫ್ರೇಮಿನೊಳಗೆ ಬಂದು ಹೋಗುವುದಕ್ಕೆ ಎಲೆ ತೂಗುವ ಶೆಡ್ಡಿನ ಕೆಲಸದಾಕೆಯನ್ನು ಒಪ್ಪಿಸಿದ್ದೆ. ಆಕೆ ನನ್ನ ವಾರಿಗೆಯವಳು, ತಲೆ ಬಾಗುವ ತಂಟೆಯೇ ಇಲ್ಲ. ಆದರೆ ನನ್ನ ಅವ್ವೆಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಆ ಕಡೆ ಹೋಗಬೇಡಿ, ಚಿತ್ರ ತೆಗೆಯುತ್ತಿದ್ದಾಳೆ ಎಂದು ಒಬ್ಬರಿಗೆ ಹೇಳಿದ್ದೇ ತಡ, ಅರ್ಧ ಗಂಟೆಯಲ್ಲಿ ಹಟ್ಟಿಯ ಹಿರಿಯರೆಲ್ಲ ಒಗೆದ ಬಿಳಿ ಬಟ್ಟೆ ಉಟ್ಟು ದಾರಿಗೆ ಬಂದರು. ಅವ್ವೆ ಅಡ್ಡ ನಿಂತು, ಹಲ್ಲುಕಿರಿದು, ಕೈ ಮುಗಿದು, ಹೇಗೋ ಎಲ್ಲರನ್ನೂ ವಾಪಸ್ ಕಳಿಸಿದಳು. ಒಬ್ಬರನ್ನು ಬಿಟ್ಟು.

ಅವರು ದೊಡ್ಡಜ್ಜ, ತೀರಿಹೋದ ನನ್ನ ಅಜ್ಜನ ಅಣ್ಣ. ಮಂಡಿ ನೋವಿನಿಂದ ಅವರು ತೋಟಕ್ಕೆ ಇಳಿದು ಎರಡು ಮಳೆಗಾಲ ಕಳೆದಿತ್ತು. ನಾನು ಕ್ಯಾಮೆರಾ ಓಡಿಸಿ ಅರ್ಧ ನಿಮಿಷವಾಗಿತ್ತೋ ಏನೋ, ವ್ಯೂಫೈಂಡರಿನ ಮೂಲೆಯಲ್ಲಿ ಬಿಳಿ ಪೇಟ ಕಂಡಿತು. ಬರಬೇಕಿದ್ದ ಶೆಡ್ಡಿನಾಕೆ ಅವರಿಗೆ ದಾರಿ ಬಿಟ್ಟು ಆಚೆಯೇ ನಿಂತಳು. ಕೋಲು ಊರಿಕೊಂಡು, ಒಂದೊಂದೇ ಮೆಟ್ಟಿಲು ಇಳಿದು, ಟೀ ಗಿಡಗಳ ನಡುವಿನಿಂದ ನೇರ ನನ್ನ ಕಡೆಗೇ ಬಂದರು. ನಾಲ್ಕಡಿ ದೂರದಲ್ಲಿ ನಿಂತರು. ಕೋಲನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈ ಎತ್ತಿ ಮುಂದಕ್ಕೆ ಚಾಚಿದರು.

ನಾನು ಬಾಗಲಿಲ್ಲ. ಹಲ್ಲು ಕಚ್ಚಿ ನಿಂತೆ. ಕೈ ಗಾಳಿಯಲ್ಲಿ ಹಾಗೆಯೇ ನಿಂತಿತ್ತು. ಹೆತ್ತೆ ಎಲೆ ಕೊಯ್ಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಆ ಕೈ ಮೆಲ್ಲಗೆ ಕೆಳಗಿಳಿಯಿತು. ಹೊದಿಕೆ ಸರಿ ಮಾಡಿಕೊಳ್ಳುವುದಕ್ಕೇ ಎತ್ತಿದ್ದು ಎಂಬ ಹಾಗೆ ಹೊದಿಕೆಯ ಅಂಚನ್ನು ಹೆಗಲಿಗೆ ಎಳೆದುಕೊಂಡಿತು. ದೊಡ್ಡಜ್ಜ ತಿರುಗಿ ಬಂದ ದಾರಿಯಲ್ಲೇ ಹತ್ತಿ ಹೋದರು. ಎರಡು ನಿಮಿಷ ಹತ್ತು ಸೆಕೆಂಡು. ಫ್ರೇಮ್ ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಆಗ ನನಗೆ ಏನನ್ನಿಸಿತು ಎಂದು ಹೇಳಿಬಿಡುತ್ತೇನೆ: ಕುಣಿಯುವಷ್ಟು ಖುಷಿಯಾಯಿತು.

ಹೆತ್ತೆ ಅರ್ಧ ತುಂಬಿದ ಎಲೆ ಚೀಲವನ್ನು ಕೆಳಗಿಟ್ಟಳು. ಅವಳು ಕಡಿಮೆ ಮಾತಿನವಳು.

“ಕೂಸೇ, ನಿನ್ನ ದೊಡ್ಡಜ್ಜ ಬಂದದ ಕಂಡಿಯಾ?”

“ಕಂಡೆ ಹೆತ್ತೆ.”

“ಕಂಡೂ ತಲೆ ಕೊಟ್ಟಿಲ್ಲೆ.”

ಅಷ್ಟು ಹೇಳಿ ಚೀಲ ಅಲ್ಲೇ ಬಿಟ್ಟು ಮನೆಗೆ ಹೋದಳು. ಕೊಯ್ದ ಎಲೆಯನ್ನು ತೋಟದಲ್ಲಿ ಬಿಟ್ಟು ಹೋದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನ್ನ ಖುಷಿ ಜರ್ರನೆ ಇಳಿಯಿತು. ಆದರೂ ಒಳಗೊಳಗೇ ವಾದ ಮಾಡಿಕೊಂಡೆ. ಬರಬೇಡಿ ಅಂದರೂ ಯಾಕೆ ಬರಬೇಕಿತ್ತು? ಚಿತ್ರದಲ್ಲಿ ಮುಖ ಕಾಣಿಸುವ ಆಸೆ ಮುದುಕರಿಗೂ ಬಿಟ್ಟಿಲ್ಲ ಎಂದು ಗೊಣಗಿಕೊಂಡು ಚೀಲ ಹೊತ್ತು ಮೇಲೆ ಬಂದೆ.

ದಾರಿಯ ಮೇಲ್ತುದಿಯಲ್ಲಿ ಅವ್ವೆ ಇದ್ದಳು. ಅವರನ್ನೊಬ್ಬರನ್ನು ಯಾಕೆ ಬಿಟ್ಟೆ ಎಂದು ಅವಳ ಮೇಲೆ ಹಾರಾಡಿದೆ. ಅವ್ವೆ ತಡೆಯಲಾರದೆ ಹೇಳಿದಳು. ಇದು ಪರೀಕ್ಷೆ, ಇದರಲ್ಲಿ ಸೋತರೆ ಹುಡುಗಿಯ ಕೈಯಿಂದ ಕ್ಯಾಮೆರಾ ಹೋಗುತ್ತದೆ ಎಂದು ಹಿಂದಿನ ದಿನ ಅವಳೇ ದೊಡ್ಡಜ್ಜನಿಗೆ ಹೇಳಿದ್ದಳಂತೆ. ಚಿತ್ರ ತೆಗೆಯುವುದನ್ನು ನೋಡಲು ಬರಲಿಲ್ಲವಂತೆ ಅವರು. ಕೆಲಸ ಮುಗಿಯುವ ಮೊದಲೇ ಹರಸಬೇಕು, ಮುಗಿದ ಮೇಲೆ ಹರಸಿ ಏನು ಬಂತು ಎಂದು ಮಂಡಿ ಹಿಡಿದುಕೊಂಡು ಇಳಿದರಂತೆ. ನಾನು ಚೀಲ ಹೊತ್ತುಕೊಂಡೇ ನಿಂತಿದ್ದೆ.

ಮಧ್ಯಾಹ್ನ ಅವರ ಮನೆಗೆ ಹೋದೆ. ಜಗಲಿಯ ಬಿಸಿಲಲ್ಲಿ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ಹೋದವಳೇ ತಲೆ ಬಾಗಿದೆ. ತಪ್ಪಾಯಿತು ಅಂದೆ. ಎಣ್ಣೆಯ ಕೈಯನ್ನು ಹೊದಿಕೆಗೆ ಒರೆಸಿಕೊಂಡು ನನ್ನ ನೆತ್ತಿಯ ಮೇಲಿಟ್ಟು ಹರಸಿದರು. ನೋವಾಗಲಿಲ್ಲ ಎಂದು ಅವರು ಹೇಳಲಿಲ್ಲ. ಆಯಿತು, ಸ್ವಲ್ಪ ಆಯಿತು ಅಂದರು. ನಿನ್ನ ತಲೆ ಎಲ್ಲಿ ಮುಗಿಯುತ್ತದೆ, ಆ ಯಂತ್ರ ಎಲ್ಲಿ ಶುರುವಾಗುತ್ತದೆ ಎಂದೇ ತಿಳಿಯಲಿಲ್ಲ, ಕೈ ಇಟ್ಟರೆ ಗಾಜು ಹಾಳಾದೀತೆಂದು ಹೆದರಿದೆ ಅಂದರು. ಆಮೇಲೆ ಆ ಚಿತ್ರ ತೋರಿಸು ಅಂದರು.

ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ತೋರಿಸಿದೆ. ಕಣ್ಣು ಕಿರಿದು ಮಾಡಿಕೊಂಡು ಕೊನೆಯವರೆಗೂ ನೋಡಿದರು. ಇನ್ನೊಂದು ಸಲ ಹಾಕು ಅಂದರು. ಎರಡನೆಯ ಸಲ ನೋಡಿ ಪರದೆಯಿಂದ ಮುಖ ತಿರುಗಿಸಿದರು.

“ಈ ಕೈ ಕೆಳಗ ಇಳಿದದ ಬೇರೆ ಊರವಕ್ಕ ತೋರ್ಸ ಬೇಡ ಕೂಸೇ.”

ಆಜ್ಞೆ ಮಾಡಲಿಲ್ಲ, ಕೇಳಿಕೊಂಡರು. ಅವರಂಥವರು ನನ್ನಂಥವಳನ್ನು ಏನನ್ನಾದರೂ ಕೇಳಿಕೊಂಡದ್ದು ಅದೇ ಮೊದಲು. ನನಗೆ ತರಗತಿ ಕಣ್ಣ ಮುಂದೆ ಬಂತು. ಅಂಗೈ ಕಂಡೊಡನೆ ಚಪ್ಪಾಳೆ ತಟ್ಟಿದವರು, ಈ ಕೈ ಇಳಿಯುವುದನ್ನು ನೋಡಿ ಏನು ಮಾಡಿಯಾರು? ಇನ್ನೊಂದು ಕಡೆ ಆ ಶಾಟ್. ಅಷ್ಟು ಒಳ್ಳೆಯದನ್ನು ನಾನು ಎಂದೂ ತೆಗೆದಿರಲಿಲ್ಲ. ನನ್ನ ಹತ್ತಿರ ಇದ್ದದ್ದೂ ಅದೊಂದೇ. ತೋರಿಸುವುದಿಲ್ಲ ಎಂದು ಬಾಯಲ್ಲಿ ಹೇಳಿ, ಸೋಮವಾರ ಮೆಲ್ಲಗೆ ತೋರಿಸಿಬಿಡುವ ಯೋಚನೆಯೂ ಒಂದು ಗಳಿಗೆ ಬಂದುಹೋಯಿತು, ನಾನೇನು ಸಾಧ್ವಿಯಲ್ಲ. ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲವಾದ್ದರಿಂದಲೇ, ಅವರ ಎದುರಿಗೇ ಕೂತು ಅಳಿಸಿಬಿಟ್ಟೆ. ಅಳಿಸಬೇಕೇ ಎಂದು ಕ್ಯಾಮೆರಾ ಎರಡು ಸಲ ಕೇಳಿತು. ಎರಡು ಸಲವೂ ಹೌದು ಎಂದು ಒತ್ತಿದೆ. ಅವರಿಗೆ ಅದು ಅರ್ಥವಾಗಲಿಲ್ಲ, ಹೋಯಿತಾ ಎಂದು ಕೇಳಿದರು. ಹೋಯಿತು ಅಂದೆ.

ಮನೆಗೆ ಬಂದು ಮೂಲೆ ಹಿಡಿದು ಕೂತೆ. ಅಳಿಸಿದ್ದು ತಿಳಿದ ಮೇಲೆ ಹೆತ್ತೆ ತಾನಾಗಿಯೇ ಮಾತಾಡಿಸಿದಳು. ಒಂದು ಲೋಟ ಟೀ ತಂದು ಮುಂದಿಟ್ಟು, ಆ ಡಬ್ಬಿಯನ್ನು ಹೊತ್ತುಕೊಂಡು ತಲೆ ಬಾಗಿದರೆ ಏನಾಗುತ್ತದೆ ಎಂದು ಕೇಳಿದಳು. ಕತ್ತಿನ ಜೊತೆ ಅದೂ ಮುಂದಕ್ಕೆ ಬೀಳುತ್ತದೆ, ನೆಲ ಕಾಣುತ್ತದೆ ಅಂದೆ. ಕತ್ತನ್ನು ಯಾಕೆ ಬಾಗಿಸುತ್ತೀಯೆ ಅಂದಳು. ಇದೊಳ್ಳೆ ಕಥೆಯಾಯಿತಲ್ಲ, ಕತ್ತು ಬಾಗಿಸದೆ ತಲೆ ಕೊಡುವುದು ಹೇಗೆ ಎಂದು ರೇಗಿದೆ.

ಹೆತ್ತೆ ಎದ್ದು ಅಡುಗೆಮನೆಯಿಂದ ನೀರು ತುಂಬಿದ ಕೊಡ ತಂದಳು. ಸಿಂಬಿ ಇಟ್ಟು ಕೊಡವನ್ನು ತಲೆಯ ಮೇಲೆ ಹೊತ್ತಳು. ಅವಳು ಈ ಹಟ್ಟಿಗೆ ಸೊಸೆಯಾಗಿ ಬಂದ ಕಾಲಕ್ಕೆ ನೀರು ಕೆಳಗಿನ ಹಳ್ಳದಿಂದ ಬರಬೇಕಿತ್ತು. ದಾರಿಯಲ್ಲಿ ಹಿರಿಯರು ಎದುರಾದರೆ ಕೊಡ ಇಳಿಸಲು ಜಾಗವಿಲ್ಲ, ಬಾಗಿದರೆ ನೀರು ಚೆಲ್ಲುತ್ತದೆ, ಬಾಗದೆ ಹೋದರೆ ಸೊಸೆಗೆ ಸೊಕ್ಕು ಎಂಬ ಹೆಸರು. ಅದಕ್ಕೆ ಹೆಂಗಸರೇ ಒಂದು ದಾರಿ ಕಂಡುಕೊಂಡಿದ್ದರು.

“ಕತ್ತ ಬಿಡು. ಮಂಡಿಯ ಬಾಗ್ಸು,” ಎಂದಳು.

ಬೆನ್ನು, ಕತ್ತು ನೆಟ್ಟಗೆ ಇಟ್ಟುಕೊಂಡೇ ಎರಡೂ ಮಂಡಿ ಮಡಚಿ ನಿಧಾನವಾಗಿ ಕೆಳಗಿಳಿದಳು. ಮುಂದೆ ನಿಂತವರ ಕೈಗೆ ತಲೆ ಸಿಗುವಷ್ಟು ಇಳಿದು, ಕೊಡದ ಪಕ್ಕದಲ್ಲಿ ಹಣೆಯ ಮೇಲೆ ಕೈ ಇಡುವಷ್ಟು ಹೊತ್ತು ನಿಂತು, ಮತ್ತೆ ಹಾಗೆಯೇ ಎದ್ದಳು. ಎಪ್ಪತ್ತು ದಾಟಿದ ಹೆಂಗಸು. ಒಂದು ತೊಟ್ಟು ನೀರು ತುಳುಕಲಿಲ್ಲ. ಎರಡು ವರ್ಷ ಕಾಲೇಜಿನಲ್ಲಿ ಹೆಗಲ ಕ್ಯಾಮೆರಾ ಎಂದರೆ ಹೇಗೆ ನಿಲ್ಲಬೇಕೆಂದು ಕಲಿತಿದ್ದೆ, ಹೇಗೆ ಇಳಿಯಬೇಕೆಂದು ಯಾರೂ ಹೇಳಿರಲಿಲ್ಲ. ಆ ಸಂಜೆ ಹೆತ್ತೆ ನನ್ನ ತಲೆಗೂ ಕೊಡ ಹೊರಿಸಿದಳು. ಮೊದಲ ಎರಡು ಸಲ ಪೂರ್ತಿ ನೆನೆದೆ. ಅವ್ವೆ ನೆಲ ಒರೆಸುತ್ತ ನಕ್ಕಳು. ಕತ್ತಲಾಗುವ ಹೊತ್ತಿಗೆ ತೊಡೆಗಳು ನಡುಗುತ್ತಿದ್ದವು, ಆದರೆ ಕೊಡ ನಿಂತಿತ್ತು.

ಭಾನುವಾರ ಬೆಳಿಗ್ಗೆ ದೊಡ್ಡಜ್ಜನನ್ನು ತೋಟಕ್ಕೆ ಇಳಿಸಲಿಲ್ಲ. ಅವರ ಅಂಗಳದಲ್ಲೇ ತೆಗೆದೆ. ಮಧ್ಯಾಹ್ನದ ಬಸ್ಸು ಹಿಡಿಯಬೇಕಿತ್ತು, ಮಂಜು ಬೇರೆ ಏರಿ ಬರುತ್ತಿತ್ತು. ಅವರಿಗೆ ಹೇಳಿದ್ದು ಇಷ್ಟೇ: ಬಾಗಿಲಿನಿಂದ ಬನ್ನಿ, ಹರಸಿ, ಮತ್ತೆ ಒಳಗೆ ಹೋಗಿ. ಬಂದರು. ನಾನು ಕ್ಯಾಮೆರಾ ಹೊತ್ತು, ಕತ್ತು ನೆಟ್ಟಗಿಟ್ಟು, ಮಂಡಿ ಮಡಚುತ್ತ ಇಳಿದೆ. ವ್ಯೂಫೈಂಡರಿನಲ್ಲಿ ಅವರ ಮುಖ ಮೆಲ್ಲಗೆ ಮೇಲಕ್ಕೆ ಹೋಗಿ ಮರೆಯಾಯಿತು. ಬಿಳಿ ಹೊದಿಕೆ, ಕೋಲು ಹಿಡಿದ ಎಡಗೈ, ಹಿಂದೆ ತೆರೆದ ಬಾಗಿಲು ಮಾತ್ರ ಉಳಿದವು. ಬಲಗೈ ಮೇಲಿನಿಂದ ಬಂದು ಫ್ರೇಮಿನಾಚೆ ಹೋದದ್ದು ಕಂಡಿತು. ಆಮೇಲೆ ನೆತ್ತಿಯ ಮೇಲೆ ಅದರ ಭಾರ. ಕ್ಯಾಮೆರಾದ ಮೈಕ್ ಅವರ ಎದೆಯ ಹತ್ತಿರವೇ ಇತ್ತಾದ್ದರಿಂದ ಹರಸಿದ ಒಂದೊಂದು ಮಾತೂ ಉಸಿರಿನ ಸಮೇತ ರೆಕಾರ್ಡ್ ಆಯಿತು. ನನ್ನ ತೊಡೆ ಉರಿಯುತ್ತಿತ್ತು, ಅವರೋ ಅವತ್ತು ಮೊಮ್ಮಕ್ಕಳಿಗೆಲ್ಲ ಸೇರಿಸಿ ಹರಸುತ್ತಿದ್ದರು. ಒಮ್ಮೆ ಜೋಲಿ ಹೊಡೆದೆ. ಎದ್ದು ನಿಂತಾಗ ಅವರು ಒಳಗೆ ಹೋಗಿಯಾಗಿತ್ತು.

ಸೋಮವಾರ ಪರದೆಯ ಮೇಲೆ ಅದನ್ನು ಹಾಕಿದಾಗ, ಕೈ ಎದ್ದೊಡನೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಪೂರ್ತಿ ನೋಡಿದರು. ನಡುವಿನ ಭಾಗವನ್ನು ಮತ್ತೆ ಎರಡು ಸಲ ಹಾಕಿಸಿದರು. ಮುಖ ಕೈಬಿಟ್ಟಿದ್ದೀಯೆ, ಒಂದು ಕಡೆ ಜೋಲಿ ಹೊಡೆದಿದ್ದೀಯೆ ಎಂದು ತಪ್ಪು ಹೇಳಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ, ಆ ಕೈ ಎಲ್ಲಿ ಹೋಯಿತು ಎಂದು ಕೇಳಿದರು. ನನ್ನ ತಲೆಯ ಮೇಲೆ ಇತ್ತು ಮೇಡಂ, ಅಂದೆ. ಓರೆಯಾಗದೆ ಇಳಿಯುವುದನ್ನು ಎಲ್ಲಿ ಕಲಿತೆ ಎಂದು ಕೇಳಿದರು. ನೀರಿನ ಕೊಡದ ವಿಷಯ ಹೇಳಿದೆ. ಅವರು ತಮ್ಮ ಹಾಳೆಯನ್ನು ಮುಂದಕ್ಕೆ ಎಳೆದುಕೊಂಡು, ಕ್ಯಾಮೆರಾ ಗುಂಪಿನ ಕೊನೆಯ ಸಾಲಿನಲ್ಲಿ ನನ್ನ ಹೆಸರು ಬರೆದರು. ಆಮೇಲೆ ಎದ್ದು ನಿಂತು, ಇಡೀ ತರಗತಿಯ ಮುಂದೆ ತಾವೇ ಮಂಡಿ ಮಡಚಿ ಇಳಿದು, ಹೀಗಾ ಎಂದು ನನ್ನನ್ನು ಕೇಳಿದರು. ಅಷ್ಟು ದೊಡ್ಡ ಮೇಡಂ, ನನ್ನನ್ನು. ಇವತ್ತು ನಾನು ಅನ್ನ ತಿನ್ನುತ್ತಿರುವುದು ಕ್ಯಾಮೆರಾ ಹೊತ್ತು. ಹೊರುವುದನ್ನು ಆ ಮೇಡಂ ಕಲಿಸಿದರು, ಇಳಿಯುವುದನ್ನು ಹೆತ್ತೆ ಕಲಿಸಿದಳು. ಇಬ್ಬರ ಋಣವನ್ನೂ ನಾನು ಮರೆತಿಲ್ಲ.

ತರಗತಿಯಿಂದ ಹೊರಗೆ ಬಂದವಳೇ ಮನೆಗೆ ಫೋನ್ ಮಾಡಿದೆ. ಅವ್ವೆ ಓಡಿಹೋಗಿ ಫೋನನ್ನು ದೊಡ್ಡಜ್ಜನ ಕೈಗೆ ಕೊಟ್ಟಳು. ಕ್ಯಾಮೆರಾ ನನಗೇ ಸಿಕ್ಕಿತು ಎಂದು ಕೂಗಿ ಹೇಳಿದೆ, ಅವರಿಗೆ ಕಿವಿ ಮಂದ.

“ತಲೆ ಕೊಡು,” ಎಂದರು.

ಕಾಲೇಜಿನ ಉದ್ದನೆಯ ಕಾರಿಡಾರ್. ನನ್ನನ್ನು ನೆಲ ತೆಗೆಯುವವಳು ಎಂದು ಕರೆದವರೆಲ್ಲ ಆ ಕಡೆ ಈ ಕಡೆ ಹೋಗುತ್ತಿದ್ದರು. ಹೆಗಲ ಮೇಲೆ ಏನೂ ಇರಲಿಲ್ಲವಾದ್ದರಿಂದ ಕತ್ತನ್ನೇ ಬಾಗಿಸಿ ನಿಂತೆ. ಬಾಗಿದೆಯಾ ಎಂದು ಕೇಳಿದರು. ಬಾಗಿದೆ ಅಂದೆ. ಅವರು ಹರಸಿ ಮುಗಿಸುವವರೆಗೂ ನಾನು ತಲೆ ಎತ್ತಲಿಲ್ಲ.